ಬಿಡುಗಡೆ ಪತ್ರದಲ್ಲಿ ಯಾರ ಹೆಸರು?

ನಮ್ಮ ಹೆಣ್ಣುಮಕ್ಕಳಿಗೆ ಎರಡು ಹೆಸರಿರುವುದು ಹೊಸ ಸಂಗತಿಯೇನಲ್ಲ. ತವರಿನಲ್ಲಿ ಒಂದು, ಅತ್ತೆಯ ಮನೆಯಲ್ಲಿ ಇನ್ನೊಂದು. ಕೆಲವು ಮನೆತನಗಳಲ್ಲಿ ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಮದುಮಗನ ಕೈಯಲ್ಲಿ ಉಂಗುರ ಕೊಟ್ಟು ಹೊಸ ಹೆಸರು ಬರೆಸುತ್ತಾರೆ. ಅಕ್ಕಿ ಆಮೇಲೆ ಅನ್ನವಾಗಿ ಹೋಗುತ್ತದೆ, ಹೆಸರು ಮಾತ್ರ ಹುಡುಗಿಗೆ ಅಂಟಿಕೊಳ್ಳುತ್ತದೆ. ಆದರೆ ಅವಳ ಶಾಲೆಯ ವರ್ಗಾವಣೆ ಪತ್ರದಲ್ಲಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹಳೆಯ ಹೆಸರು ಹಾಗೆಯೇ ಕುಳಿತಿರುತ್ತದೆ. ಹತ್ತು ವರ್ಷದ ನಂತರ ಒಂದು ನೌಕರಿಗೋ ಸಾಲಕ್ಕೋ ಅರ್ಜಿ ಹಾಕುವಾಗ ಆ ಎರಡು ಹೆಸರುಗಳೂ ಮೇಜಿನ ಮೇಲೆ ಎದುರುಬದುರಾಗುತ್ತವೆ. ಆಗ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ ಕೇಳುತ್ತಾರೆ: "ಇದರಲ್ಲಿ ನೀವು ಯಾರಮ್ಮಾ?"

ಮೂವತ್ತು ವರ್ಷಗಳಿಂದ ಮಕ್ಕಳಿಗೆ ಚರಿತ್ರೆ ಹೇಳಿಕೊಡುತ್ತಿರುವ ನನಗೆ ಈ ಪ್ರಶ್ನೆ ಬಹಳ ಹಳೆಯದೆಂದು ಗೊತ್ತು. ಅದು ಎಲ್ಲಕ್ಕಿಂತ ಕಠಿಣವಾಗಿ ಎದುರಾದದ್ದು ದಂಡಿನಿಂದ ಹಿಂತಿರುಗಿದ ಕೆಲವು ಹೆಂಗಸರಿಗೆ. ಸೈನ್ಯದಲ್ಲಿ ದುಡಿದು ಬಂದವರಿಗೆ ಸರ್ಕಾರ ಒಂದು ಬಿಡುಗಡೆ ಪತ್ರ ಕೊಡುತ್ತದೆ. ಇಂಥವನು ಇಂಥ ದಳದಲ್ಲಿ ಇಷ್ಟು ದಿನ ಸೇವೆ ಮಾಡಿದ, ಗೌರವದಿಂದ ಬೀಳ್ಕೊಟ್ಟಿದ್ದೇವೆ ಎಂಬ ಒಂದು ಹಾಳೆ. ಪಿಂಚಣಿ, ಜಮೀನು, ಆಸ್ಪತ್ರೆಯ ಔಷಧಿ, ಕೊನೆಗೆ ಸಮಾಧಿಯ ಕಲ್ಲು, ಎಲ್ಲವೂ ಆ ಹಾಳೆಯ ಬಲದ ಮೇಲೆಯೇ. ಆ ಹಾಳೆಯಲ್ಲಿರುವ ಹೆಸರು ನಿಮ್ಮದಲ್ಲದಿದ್ದರೆ? ಯುದ್ಧ ಮಾಡಿದ್ದು ನೀವೇ, ಗುಂಡೇಟು ತಿಂದದ್ದು ನೀವೇ, ಆದರೆ ಕಾಗದ ಬೇರೆಯವರ ಹೆಸರಿನಲ್ಲಿದ್ದರೆ? ಅಮೆರಿಕದ ಚರಿತ್ರೆಯಲ್ಲಿ ಇದಕ್ಕೆ ಒಳ್ಳೆಯ ದಾಖಲೆಗಳಿವೆ. ಅಲ್ಲಿಯ ನಾಲ್ಕಾರು ಹೆಂಗಸರ ಕಥೆಯನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯವಳು ಡೆಬೊರಾ ಸ್ಯಾಂಪ್ಸನ್. ಮ್ಯಾಸಚೂಸೆಟ್ಸ್ ಪ್ರಾಂತದ ಪ್ಲಿಂಪ್ಟನ್ ಎಂಬ ಊರಿನಲ್ಲಿ 1760ರಲ್ಲಿ ಹುಟ್ಟಿದ ಬಡ ಹುಡುಗಿ. ಚಿಕ್ಕಂದಿನಲ್ಲಿಯೇ ಪರರ ಮನೆಯಲ್ಲಿ ದುಡಿಯಲು ನಿಂತವಳು. ತಾನೇ ಅಕ್ಷರ ಕಲಿತು ಸ್ವಲ್ಪ ಕಾಲ ಶಾಲೆಯಲ್ಲಿ ಪಾಠ ಹೇಳಿದಳು, ನೇಯ್ಗೆ ಮಾಡಿದಳು. ಇಂಗ್ಲೆಂಡಿನ ವಿರುದ್ಧ ಸ್ವಾತಂತ್ರ್ಯ ಯುದ್ಧ ನಡೆಯುತ್ತಿದ್ದಾಗ, 1782ರಲ್ಲಿ, ಗಂಡಸಿನ ಉಡುಪು ತೊಟ್ಟು ರಾಬರ್ಟ್ ಶರ್ಟ್ಲಿಫ್ ಎಂಬ ಹೆಸರಿನಲ್ಲಿ ಮ್ಯಾಸಚೂಸೆಟ್ಸಿನ 4ನೆಯ ರೆಜಿಮೆಂಟಿಗೆ ಸೇರಿದಳು. ಒಂದು ಕಾದಾಟದಲ್ಲಿ ತೊಡೆಗೆ ಗುಂಡು ಹೊಕ್ಕಿತು. ವೈದ್ಯರ ಬಳಿ ಹೋದರೆ ಗುಟ್ಟು ಬಯಲಾಗುತ್ತದೆಂದು ತಾನೇ ಅದನ್ನು ಕಿತ್ತು ತೆಗೆಯಲು ಕೈಹಾಕಿದಳೆಂದು ಹೇಳುತ್ತಾರೆ. 1783ರಲ್ಲಿ ಫಿಲಡೆಲ್ಫಿಯಾದಲ್ಲಿ ಜ್ವರದಿಂದ ಎಚ್ಚರ ತಪ್ಪಿದಾಗ ಡಾಕ್ಟರ್ ಬಾರ್ನಬಾಸ್ ಬಿನ್ನಿ ಎಂಬುವರಿಗೆ ನಿಜ ತಿಳಿಯಿತು. ಆತ ಗದ್ದಲ ಮಾಡಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ವೆಸ್ಟ್ ಪಾಯಿಂಟಿನಲ್ಲಿ ಅವಳಿಗೆ ಗೌರವದ ಬಿಡುಗಡೆ ದೊರೆಯಿತು.

ಆಮೇಲೆ ಅವಳು ಬೆಂಜಮಿನ್ ಗ್ಯಾನೆಟ್ ಎಂಬ ರೈತನನ್ನು ಮದುವೆಯಾದಳು, ಮಕ್ಕಳಾದವು. ಈಗ ಅವಳಿಗೆ ಮೂರು ಹೆಸರು: ಹುಟ್ಟಿನದೊಂದು, ದಂಡಿನದೊಂದು, ಗಂಡನ ಮನೆಯದೊಂದು. ಸೈನ್ಯ ತನಗೆ ಬಾಕಿ ಉಳಿಸಿಕೊಂಡಿದ್ದ ಸಂಬಳಕ್ಕಾಗಿ 1792ರಲ್ಲಿ ಪ್ರಾಂತದ ಶಾಸನಸಭೆಗೆ ಅರ್ಜಿ ಹಾಕಿದಳು. ಸಭೆ ಒಪ್ಪಿಕೊಂಡು 34 ಪೌಂಡು ಮತ್ತು ಬಡ್ಡಿ ಕೊಡಲು ನಿರ್ಣಯ ಮಾಡಿತು. ಶರ್ಟ್ಲಿಫ್ ಎಂಬ ಹೆಸರಿನಲ್ಲಿ ಸೇವೆ ಮಾಡಿದವಳು ಇವಳೇ ಎಂದು ಅದರಲ್ಲಿ ಬರೆಯಿತು. ಅಷ್ಟಕ್ಕೇ ನಿಲ್ಲಲಿಲ್ಲ, ಅವಳ ಶೀಲಕ್ಕೆ ಯಾವ ಕಳಂಕವೂ ತಗುಲಿಲ್ಲವೆಂದೂ ಸೇರಿಸಿತು. ಹೊಗಳಿಕೆಯೇನೋ ಹೌದು. ಆದರೆ ಅವಳ ಪಕ್ಕದಲ್ಲಿ ನಿಂತು ಹೋರಾಡಿದ ಗಂಡಸರ ಪೈಕಿ ಯಾರ ಸಂಬಳದ ಕಾಗದದಲ್ಲಾದರೂ ಶೀಲದ ಪ್ರಮಾಣಪತ್ರ ಇತ್ತೇ? ಓದುವ ಹೆಂಗಸರು ತಾವೇ ಯೋಚಿಸಬಹುದು.

ಪಿಂಚಣಿಗೆ ಇನ್ನೂ ಹನ್ನೆರಡು ವರ್ಷಕ್ಕಿಂತ ಹೆಚ್ಚು ಕಾಯಬೇಕಾಯಿತು. ಅವಳ ನೆರವಿಗೆ ಬಂದವನು ಪಾಲ್ ರೆವಿಯರ್, ಅಮೆರಿಕದ ಮಕ್ಕಳೆಲ್ಲ ಪಾಠದಲ್ಲಿ ಓದುವ ಸ್ವಾತಂತ್ರ್ಯವೀರ. 1804ರಲ್ಲಿ ಆತ ಕಾಂಗ್ರೆಸ್ ಸದಸ್ಯ ವಿಲಿಯಂ ಯೂಸ್ಟಿಸರಿಗೆ ಕಾಗದ ಬರೆದ. ದಂಡಿನಲ್ಲಿ ದುಡಿದ ಹೆಂಗಸೆಂದರೆ ಎತ್ತರದ, ಗಂಡುಬೀರಿ ಆಕೃತಿಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಂಡಿದ್ದೆ. ನೋಡಿದರೆ ಮೆಲುಮಾತಿನ ಸಣ್ಣ ಹೆಣ್ಣು ಎಂಬರ್ಥದಲ್ಲಿ ಆಶ್ಚರ್ಯಪಟ್ಟಿದ್ದಾನೆ. 1805ರಲ್ಲಿ ತಿಂಗಳಿಗೆ 4 ಡಾಲರ್ ಪಿಂಚಣಿ ಮಂಜೂರಾಯಿತು. 1827ರಲ್ಲಿ ಡೆಬೊರಾ ತೀರಿಕೊಂಡ ಮೇಲೆ ಇನ್ನೂ ಒಂದು ವಿಚಿತ್ರ ನಡೆಯಿತು. ಅವಳ ಗಂಡ, ಸೈನಿಕರ ವಿಧವೆಯರಿಗೆ ಕೊಡುವ ಹಣವನ್ನು ಸೈನಿಕಳ ವಿಧುರನಾದ ತನಗೂ ಕೊಡಿ ಎಂದು ಅರ್ಜಿ ಹಾಕಿದ! ಕಾನೂನಿನಲ್ಲಿ ಅಂಥ ಶಬ್ದವೇ ಇರಲಿಲ್ಲ. ಕಾಂಗ್ರೆಸ್ ಯೋಚಿಸಿ ಯೋಚಿಸಿ 1838ರಲ್ಲಿ ಒಪ್ಪುವಷ್ಟರಲ್ಲಿ ಆತನೂ ಸತ್ತಿದ್ದ. 466 ಡಾಲರ್ 66 ಸೆಂಟ್ ಹಣ ವಾರಸುದಾರರಿಗೆ ಹೋಯಿತು.

ಎರಡನೆಯ ಕಥೆ ಇನ್ನೂ ಹತ್ತಿರದ್ದು. 1861ರಿಂದ 1865ರವರೆಗೆ ಅಮೆರಿಕದ ಉತ್ತರ ಮತ್ತು ದಕ್ಷಿಣದ ನಡುವೆ ಅಂತರ್ಯುದ್ಧ ನಡೆಯಿತಷ್ಟೆ. ಆ ಯುದ್ಧದಲ್ಲಿ ಗಂಡಸಿನ ವೇಷದಲ್ಲಿ ಹೋರಾಡಿದ ಹೆಂಗಸರು ಸುಮಾರು 400 ಮಂದಿ ಎಂದು ಮೇರಿ ಲಿವರ್ಮೋರ್ ಎಂಬ ಸಮಾಜಸೇವಕಿ ಬರೆದಿದ್ದಾಳೆ. ಇದು ಹೇಗೆ ಸಾಧ್ಯವಾಯಿತೆಂದು ನನ್ನ ವಿದ್ಯಾರ್ಥಿನಿಯರು ಕೇಳುತ್ತಾರೆ. ಆಗಿನ ವೈದ್ಯಪರೀಕ್ಷೆ ಹೆಸರಿಗೆ ಮಾತ್ರ. ತೋಟಾದ ಕಾಗದವನ್ನು ಕಚ್ಚಿ ಹರಿಯಲು ಹಲ್ಲಿದೆಯೇ, ಬಂದೂಕಿನ ಕುದುರೆ ಎಳೆಯಲು ಬೆರಳಿದೆಯೇ, ಇಷ್ಟು ನೋಡಿದರೆ ಅನೇಕ ಕಡೆ ಮುಗಿಯಿತು. ಮೀಸೆ ಮೂಡದ ಹುಡುಗರು ಎಷ್ಟೋ ಮಂದಿ ಸೇರಿದ್ದರಿಂದ ಇವರ ನುಣುಪು ಮುಖ ಯಾರಿಗೂ ಅನುಮಾನ ತರಲಿಲ್ಲ.

ಸೇರಾ ಎಮ್ಮಾ ಎಡ್ಮಂಡ್ಸ್ ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತದವಳು. ಅಪ್ಪ ಗೊತ್ತುಮಾಡಿದ ಮದುವೆ ಒಲ್ಲದೆ ಮನೆ ಬಿಟ್ಟವಳು. ಫ್ರಾಂಕ್ಲಿನ್ ಥಾಂಪ್ಸನ್ ಎಂಬ ಹೆಸರಿಟ್ಟುಕೊಂಡು ಮನೆಮನೆಗೆ ಬೈಬಲ್ ಮಾರುತ್ತ ಅಮೆರಿಕಕ್ಕೆ ಬಂದಳು. ಯುದ್ಧ ಶುರುವಾದಾಗ 1861ರಲ್ಲಿ ಮಿಷಿಗನ್ನಿನ 2ನೆಯ ಕಾಲ್ದಳಕ್ಕೆ ಸೇರಿ, ಗಾಯಾಳುಗಳ ಶುಶ್ರೂಷೆ ಮಾಡಿದಳು, ಟಪಾಲಿನ ಚೀಲ ಹೊತ್ತು ಮೈಲಿಗಟ್ಟಲೆ ಕುದುರೆ ಓಡಿಸಿದಳು. 1863ರ ವಸಂತದಲ್ಲಿ ಕೆಂಟಕಿಯಲ್ಲಿದ್ದಾಗ ಮಲೇರಿಯಾ ಜೋರಾಯಿತು. ರಜೆ ಕೇಳಿದರೆ ಕೊಡಲಿಲ್ಲ. ದಂಡಿನ ಆಸ್ಪತ್ರೆ ಸೇರಿದರೆ ಮೈ ನೋಡುತ್ತಾರೆ, ಹೆಣ್ಣೆಂದು ಗೊತ್ತಾಗುತ್ತದೆ. ಬೇರೆ ದಾರಿ ಕಾಣದೆ ಸದ್ದಿಲ್ಲದೆ ಪಾಳೆಯ ಬಿಟ್ಟು ಹೋದಳು. ಮರುದಿನದಿಂದ ಫ್ರಾಂಕ್ಲಿನ್ ಥಾಂಪ್ಸನ್ ಎಂಬ ಹೆಸರಿನ ಮುಂದೆ ದಳದ ಪುಸ್ತಕದಲ್ಲಿ ಒಂದು ಮಾತು ಬಿತ್ತು: ತಲೆತಪ್ಪಿಸಿಕೊಂಡು ಓಡಿಹೋದವನು.

ಅವಳು ಆಮೇಲೂ ಸುಮ್ಮನೆ ಕೂರಲಿಲ್ಲ. ಹೆಣ್ಣಿನ ಉಡುಪಿನಲ್ಲಿ ದಾದಿಯಾಗಿ ಸೈನಿಕರ ಸೇವೆ ಮಾಡಿದಳು. ತನ್ನ ಅನುಭವಗಳನ್ನು ಪುಸ್ತಕ ಮಾಡಿ ಬರೆದಳು, ಅದು ಲಕ್ಷಕ್ಕೂ ಮೀರಿ ಪ್ರತಿ ಖರ್ಚಾಯಿತು. ಲೈನಸ್ ಸೀಲಿ ಎಂಬುವನನ್ನು ಮದುವೆಯಾದಳು. ಆದರೆ ಆ ಒಂದು ಮಾತು ಮುಳ್ಳಿನಂತೆ ಚುಚ್ಚುತ್ತಲೇ ಇತ್ತು. "ಉಸಿರು ಹೋದರೂ ಹೆಸರು ಉಳಿಯಬೇಕು" ಎಂದು ನಮ್ಮ ಹಿರಿಯರು ಹೇಳುತ್ತಾರಲ್ಲ. ಇವಳ ವಿಷಯದಲ್ಲಿ ಕೆಟ್ಟಿದ್ದು ಅವಳ ಸ್ವಂತ ಹೆಸರೂ ಅಲ್ಲ, ಅವಳು ಕಟ್ಟಿಕೊಂಡಿದ್ದ ಹೆಸರು. ಇಪ್ಪತ್ತು ವರ್ಷ ಕಳೆದ ಮೇಲೆ, ಮಕ್ಕಳೊಂದಿಗರಾದ ಹಳೆಯ ಸಂಗಾತಿಗಳನ್ನು ಹುಡುಕಿಕೊಂಡು ಹೊರಟಳು. ತಾವು ಥಾಂಪ್ಸನ್ ಎಂದು ತೋಳಿಗೆ ತೋಳು ಕೊಟ್ಟು ನಡೆದವನು ಈ ಗೃಹಿಣಿಯೇ ಎಂದು ತಿಳಿದಾಗ ಅವರು ದಂಗಾದರು. ಆದರೂ ಒಬ್ಬರ ಹಿಂದೆ ಒಬ್ಬರು ಪ್ರಮಾಣ ಮಾಡಿ ಬರೆದುಕೊಟ್ಟರು. 1884ರಲ್ಲಿ ಅಮೆರಿಕದ ಕಾಂಗ್ರೆಸ್ ಇವಳೊಬ್ಬಳಿಗಾಗಿಯೇ ಒಂದು ಕಾನೂನು ಮಾಡಿ ತಿಂಗಳಿಗೆ 12 ಡಾಲರ್ ಪಿಂಚಣಿ ಕೊಟ್ಟಿತು. ಆ ಕಾನೂನಿನಲ್ಲಿ ಅವಳ ಎರಡು ಹೆಸರುಗಳೂ ಒಂದೇ ಸಾಲಿನಲ್ಲಿವೆ: ಸೇರಾ ಸೀಲಿ, ಅಲಿಯಾಸ್ ಫ್ರಾಂಕ್ಲಿನ್ ಥಾಂಪ್ಸನ್. ಇನ್ನೆರಡು ವರ್ಷಕ್ಕೆ, 1886ರಲ್ಲಿ, ಓಡಿಹೋದ ಆರೋಪವನ್ನೂ ಅಳಿಸಿದರು. 1897ರಲ್ಲಿ ಹಳೆಯ ಸೈನಿಕರ ಸಂಘವಾದ ಗ್ರ್ಯಾಂಡ್ ಆರ್ಮಿ ಆಫ್ ದಿ ರಿಪಬ್ಲಿಕ್ ಇವಳನ್ನು ಸದಸ್ಯಳಾಗಿ ಸೇರಿಸಿಕೊಂಡಿತು. ಮರುವರ್ಷ ಅವಳು ತೀರಿಕೊಂಡಳು.

ಟೆಕ್ಸಸ್ಸಿನ ಹ್ಯೂಸ್ಟನ್ ನಗರದಲ್ಲಿ ಅವಳ ಸಮಾಧಿಯಿದೆ. ಆ ಕಲ್ಲಿನ ಮೇಲೆ ಎಮ್ಮಾ ಸೀಲಿ, ಸೈನ್ಯದ ದಾದಿ ಎಂದು ಕೆತ್ತಿದ್ದಾರೆ. ದಾದಿಯಾಗಿದ್ದುದು ಸುಳ್ಳಲ್ಲ. ಆದರೆ ಸಿಪಾಯಿಯೆಂದು ಕಾಂಗ್ರೆಸ್ಸೇ ಒಪ್ಪಿಕೊಂಡ ಮೇಲೂ ಕಲ್ಲಿನವರೆಗೆ ಆ ಮಾತು ಮುಟ್ಟಲಿಲ್ಲ, ನೋಡಿ.

ಇವರಿಬ್ಬರೂ ಬಿಳಿಯರು, ಅಕ್ಷರ ಬಲ್ಲವರು, ಅರ್ಜಿ ಬರೆಯುವುದು ಹೇಗೆಂದು ತಿಳಿದವರು. ಕ್ಯಾಥೆ ವಿಲಿಯಮ್ಸಳ ಪಾಡು ಬೇರೆ. ಮಿಸ್ಸೌರಿಯಲ್ಲಿ ಗುಲಾಮಳಾಗಿ ಹುಟ್ಟಿದ ಕಪ್ಪು ಹೆಣ್ಣು. ಅಂತರ್ಯುದ್ಧದಲ್ಲಿ ಉತ್ತರದ ಸೈನ್ಯ ಅವಳನ್ನು ಅಡುಗೆ, ಬಟ್ಟೆ ಒಗೆಯುವ ಕೆಲಸಕ್ಕೆ ಕರೆದೊಯ್ದಿತು. ಯುದ್ಧ ಮುಗಿದ ಮೇಲೆ, ಯಾರ ಹಂಗಿಲ್ಲದೆ ಸ್ವಂತ ದುಡಿಮೆಯಲ್ಲಿ ಬದುಕಬೇಕೆಂದು, ತನ್ನ ಹೆಸರನ್ನೇ ಹಿಂದುಮುಂದು ಮಾಡಿ ವಿಲಿಯಂ ಕ್ಯಾಥೆ ಎಂದು ಹೇಳಿ 1866ರ ನವೆಂಬರಿನಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಸೈನ್ಯಕ್ಕೆ ಸೇರಿದಳು. 38ನೆಯ ಕಾಲ್ದಳದೊಂದಿಗೆ ನ್ಯೂ ಮೆಕ್ಸಿಕೋದವರೆಗೆ ನಡೆದಳು. 1868ರ ಅಕ್ಟೋಬರಿನಲ್ಲಿ ಅನಾರೋಗ್ಯದ ಕಾರಣ ಬಿಡುಗಡೆಯಾಯಿತು. ಬಿಡುಗಡೆ ಪತ್ರದಲ್ಲಿದ್ದ ಹೆಸರು ವಿಲಿಯಂ ಕ್ಯಾಥೆ.

ಮುಪ್ಪು ಹತ್ತಿರ ಬಂದಾಗ ಅವಳು ಕೊಲರಾಡೋ ಪ್ರಾಂತದ ಟ್ರಿನಿಡಾಡ್ ಎಂಬ ಊರಿನಲ್ಲಿದ್ದಳು. 1891ರಲ್ಲಿ ಪಿಂಚಣಿಗೆ ಅರ್ಜಿ ಹಾಕಿದಳು. ಪರೀಕ್ಷೆ ಮಾಡಿದ ವೈದ್ಯರು ಅವಳ ಕಾಲ್ಬೆರಳುಗಳನ್ನೆಲ್ಲ ಕತ್ತರಿಸಿರುವುದನ್ನು, ಊರುಗೋಲಿನ ಆಸರೆಯಲ್ಲಿ ನಡೆಯುವುದನ್ನು ಬರೆದುಕೊಂಡರು. ಬರೆದುಕೊಂಡು, ಪಿಂಚಣಿಗೆ ತಕ್ಕ ಅಂಗವೈಕಲ್ಯ ಇಲ್ಲ ಎಂದರು! 1892ರಲ್ಲಿ ಅರ್ಜಿ ತಿರಸ್ಕೃತವಾಯಿತು. ಗಮನಿಸಬೇಕಾದ ವಿಷಯವೆಂದರೆ, ವಿಲಿಯಂ ಕ್ಯಾಥೆ ಎಂಬುವನು ಹೆಣ್ಣಾಗಿದ್ದಳೆಂಬ ಮಾತನ್ನು ಸರ್ಕಾರ ತಕರಾರು ಮಾಡಲಿಲ್ಲ. ಹೆಸರನ್ನು ಒಪ್ಪಿತು, ಹಣ ಕೊಡಲಿಲ್ಲ. ಆಮೇಲೆ ಅವಳು ಎಲ್ಲಿ, ಯಾವಾಗ ಸತ್ತಳೆಂಬುದು ಚರಿತ್ರೆಗೆ ಸಿಕ್ಕಿಲ್ಲ. ಕಾಗದದಲ್ಲಿ ಹೆಸರು ಸರಿಯಾದ ಮಾತ್ರಕ್ಕೆ ನ್ಯಾಯ ಸಿಕ್ಕಿತೆಂದು ತಿಳಿಯಬಾರದು ಎಂಬುದಕ್ಕೆ ಈ ಕಥೆಗಿಂತ ಬೇರೆ ಪಾಠ ಬೇಡ.

ಇಲ್ಲಿಯವರೆಗೆ ಹೇಳಿದ್ದು ಹೆಸರು ತಿದ್ದಿ ಎಂದು ಕೇಳಿದವರ, ಇಲ್ಲವೇ ಎರಡು ಹೆಸರೂ ನನ್ನವೇ ಎಂದು ಹೇಳಿದವರ ಕಥೆ. ತಿದ್ದಬೇಡಿ ಎಂದು ಬಾಳಿದವರೂ ಇದ್ದಾರೆ. ಆಲ್ಬರ್ಟ್ ಕ್ಯಾಷಿಯರ್ ಐರ್ಲೆಂಡಿನಲ್ಲಿ ಜೆನ್ನಿ ಹಾಜರ್ಸ್ ಎಂಬ ಹೆಣ್ಣುಮಗುವಾಗಿ ಹುಟ್ಟಿದವರು. 1862ರಲ್ಲಿ ಇಲಿನಾಯ್ ಪ್ರಾಂತದ 95ನೆಯ ಕಾಲ್ದಳ ಸೇರಿ, ವಿಕ್ಸ್‌ಬರ್ಗ್ ಮುತ್ತಿಗೆಯೂ ಸೇರಿದಂತೆ ಹಲವು ಕದನಗಳಲ್ಲಿ ಕಾದಿ, 1865ರ ಆಗಸ್ಟಿನಲ್ಲಿ ದಳದೊಂದಿಗೇ ಬಿಡುಗಡೆಯಾದರು. ಉಳಿದ ಹೆಂಗಸರು ಯುದ್ಧ ಮುಗಿದೊಡನೆ ಸೀರೆಗೆ, ಅಲ್ಲಲ್ಲ, ಲಂಗಕ್ಕೆ ಮರಳಿದರೆ ಇವರು ಮರಳಲಿಲ್ಲ. ಸೊನೆಮಿನ್ ಎಂಬ ಸಣ್ಣ ಊರಿನಲ್ಲಿ ನಲವತ್ತು ವರ್ಷ ಗಂಡಸಾಗಿಯೇ ಬಾಳಿದರು. ಹೊಲದ ಕೆಲಸ, ಚರ್ಚಿನ ಕಸ ಗುಡಿಸುವ ಕೆಲಸ, ಬೀದಿದೀಪ ಹಚ್ಚುವ ಕೆಲಸ. ಹೆಂಗಸರಿಗೆ ಮತವಿಲ್ಲದ ಕಾಲದಲ್ಲಿ ಮತ ಹಾಕಿದರು. ಸೈನಿಕರ ಪಿಂಚಣಿಯೂ ಬರುತ್ತಿತ್ತು.

1911ರಲ್ಲಿ ಒಂದು ಮೋಟಾರು ಹಾಯ್ದು ಕಾಲು ಮುರಿಯಿತು. ವೈದ್ಯರಿಗೆ ಗುಟ್ಟು ತಿಳಿಯಿತು, ಆದರೆ ಹೊರಗೆ ಹೇಳಲಿಲ್ಲ. ಕ್ವಿನ್ಸಿಯ ಸೈನಿಕರ ವೃದ್ಧಾಶ್ರಮಕ್ಕೆ ಸೇರಿಸಿದರು. 1914ರಲ್ಲಿ ಮನಸ್ಸಿನ ಸ್ಥಿಮಿತ ತಪ್ಪಿತೆಂದು ಮಾನಸಿಕ ಆಸ್ಪತ್ರೆಗೆ ಕಳಿಸಿದಾಗ ಸುದ್ದಿ ಪತ್ರಿಕೆಗಳಿಗೆ ಹಬ್ಬಿತು. ಅರ್ಧ ಶತಮಾನ ಷರಾಯಿ ತೊಟ್ಟ ಎಪ್ಪತ್ತರ ಮುದಿಜೀವಕ್ಕೆ ಅಲ್ಲಿ ಬಲವಂತವಾಗಿ ಲಂಗ ಉಡಿಸಿದರು. ಇತ್ತ ಪಿಂಚಣಿ ಕಚೇರಿ, ಇದೇನೋ ಮೋಸವಿರಬೇಕೆಂದು ವಿಚಾರಣೆ ಹೂಡಿತು. ಆಗ ಮುಂದೆ ಬಂದವರು ಹಳೆಯ ಸಂಗಾತಿಗಳು. ನಮ್ಮ ಜೊತೆ ಕಾದಿದ ಆಲ್ಬರ್ಟ್ ಇವರೇ, ಅನುಮಾನ ಬೇಡ ಎಂದು ಸಾಕ್ಷಿ ನುಡಿದರು. 1915ರಲ್ಲಿ ಕಚೇರಿ ಒಪ್ಪಿಕೊಂಡು ಪಿಂಚಣಿ ಮುಂದುವರಿಸಿತು. ಅದೇ ವರ್ಷದ ಅಕ್ಟೋಬರ್ 10ರಂದು ಕ್ಯಾಷಿಯರ್ ತೀರಿಕೊಂಡಾಗ ಸೈನಿಕನ ಸಮವಸ್ತ್ರದಲ್ಲಿಯೇ, ಸೈನಿಕ ಗೌರವದೊಂದಿಗೆ ಮಣ್ಣು ಮಾಡಿದರು. ಕಲ್ಲಿನ ಮೇಲೆ ಆಲ್ಬರ್ಟ್ ಕ್ಯಾಷಿಯರ್ ಎಂದೇ ಬರೆಸಿದರು. 1906ರಲ್ಲಿ ವಿಕ್ಸ್‌ಬರ್ಗಿನಲ್ಲಿ ನಿಲ್ಲಿಸಿದ ಇಲಿನಾಯ್ ಸ್ಮಾರಕದ ಹೆಸರುಗಳ ನಡುವೆಯೂ ಅದೇ ಹೆಸರಿದೆ. 1970ರ ದಶಕದಲ್ಲಿ ಯಾರೋ ಸದುದ್ದೇಶದಿಂದ ಎರಡೂ ಹೆಸರಿರುವ ಇನ್ನೊಂದು ದೊಡ್ಡ ಕಲ್ಲನ್ನು ಪಕ್ಕದಲ್ಲಿ ನಿಲ್ಲಿಸಿದರು. ಅದನ್ನು ಓದಿದಾಗ ನನಗನ್ನಿಸಿತು: ಸತ್ತವರನ್ನು ಕೇಳುವಂತಿದ್ದರೆ, ಆ ಎರಡನೆಯ ಕಲ್ಲಿಗೆ ಅವರು ಒಪ್ಪುತ್ತಿದ್ದರೇ?

ಇಪ್ಪತ್ತನೆಯ ಶತಮಾನಕ್ಕೆ ಬಂದರೆ ಹೆಂಗಸರು ಹೆಂಗಸರಾಗಿಯೇ ಸೈನ್ಯದ ಕೆಲಸಕ್ಕೆ ಬಂದರು, ಆದರೆ ಕಾಗದದ ತೊಂದರೆ ಬೇರೆ ರೂಪ ತಾಳಿತು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋಗಿ ಸೈನ್ಯದ ದೂರವಾಣಿ ನಡೆಸಿದ ಹೆಣ್ಣುಮಕ್ಕಳು 223 ಮಂದಿ. ಇಂಗ್ಲಿಷ್, ಫ್ರೆಂಚ್ ಎರಡೂ ಬಲ್ಲ ಚುರುಕು ಹುಡುಗಿಯರು. ಪ್ರಮಾಣವಚನ ಮಾಡಿಸಿ, ಸಮವಸ್ತ್ರ ತೊಡಿಸಿ ಕರೆದೊಯ್ದ ಸರ್ಕಾರ, ತಿರುಗಿ ಬಂದ ಮೇಲೆ, ನೀವು ಸೈನಿಕರಲ್ಲ, ಬರೀ ನೌಕರರು ಎಂದಿತು. ಬಿಡುಗಡೆ ಪತ್ರವನ್ನೇ ಕೊಡಲಿಲ್ಲ. ಅವರಲ್ಲೊಬ್ಬಳಾದ ಮೆರ್ಲ್ ಈಗನ್ ದಶಕಗಟ್ಟಲೆ ಅಧಿಕಾರಿಗಳಿಗೆ ಕಾಗದ ಬರೆಯುತ್ತಲೇ ಇದ್ದಳು. 1977ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ ದಾರಿ ತೆರೆಯಿತು, 1979ರಲ್ಲಿ ಪತ್ರಗಳು ಬಂದವು. ಕೆಲಸ ಮಾಡಿದ ಅರವತ್ತು ವರ್ಷದ ಮೇಲೆ! ಆ ಹೊತ್ತಿಗೆ ಹೆಚ್ಚಿನವರು ಸತ್ತುಹೋಗಿದ್ದರು. ಮೆರ್ಲ್ ಈಗನ್ ಮದುವೆಯಾಗಿ ಮೆರ್ಲ್ ಆಂಡರ್ಸನ್ ಆಗಿ, ಮುಪ್ಪಿನ ತುದಿಯಲ್ಲಿದ್ದಳು. ಎರಡನೆಯ ಮಹಾಯುದ್ಧದಲ್ಲಿ ವಿಮಾನ ಹಾರಿಸಿದ 1,074 ಹೆಣ್ಣು ಪೈಲಟ್‌ಗಳಿಗೂ ಅದೇ ಕಾನೂನಿನಿಂದಲೇ ಮಾನ್ಯತೆ ಸಿಕ್ಕಿತು. ಅವರಲ್ಲಿ 38 ಮಂದಿ ಕರ್ತವ್ಯದಲ್ಲೇ ಪ್ರಾಣ ಕಳೆದುಕೊಂಡಿದ್ದರು.

ಈಗ ಅಮೆರಿಕದ ವ್ಯವಸ್ಥೆ ಹೇಗಿದೆಯೆಂದು ಸ್ವಲ್ಪ ಹೇಳಬೇಕು. 1950ರಿಂದ ಅಲ್ಲಿಯ ಬಿಡುಗಡೆ ಪತ್ರಕ್ಕೆ ಡಿಡಿ 214 ಎಂಬ ಸಂಖ್ಯೆ. ಅದರಲ್ಲಿ ತಪ್ಪಿದ್ದರೆ ತಿದ್ದಲು ಮೊದಲು ಎಡ್ಮಂಡ್ಸಳಂತೆ ಒಬ್ಬೊಬ್ಬರಿಗೂ ಕಾಂಗ್ರೆಸ್ಸೇ ಕಾನೂನು ಮಾಡಬೇಕಿತ್ತು. 1946ರಲ್ಲಿ ಆ ಪದ್ಧತಿ ನಿಲ್ಲಿಸಿ, ಸೈನಿಕ ದಾಖಲೆ ತಿದ್ದಲೆಂದೇ ಮಂಡಳಿಗಳನ್ನು ಮಾಡಿದರು. ಡಿಡಿ 149 ಎಂಬ ಅರ್ಜಿ ತುಂಬಿ, ಪುರಾವೆ ಲಗತ್ತಿಸಿ ಕಳಿಸಬೇಕು. ತಪ್ಪು ಗೊತ್ತಾದ ಮೂರು ವರ್ಷದೊಳಗೆ ಕೇಳಬೇಕೆಂಬ ನಿಯಮ ಇದ್ದರೂ, ನ್ಯಾಯದ ದೃಷ್ಟಿಯಿಂದ ಮಂಡಳಿ ಅದನ್ನು ಮನ್ನಿಸಬಹುದು. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಹೆಸರಿನ ಕಾಗುಣಿತ ತಪ್ಪಿದ್ದರೆ ತಿದ್ದುವುದು ಒಂದು. ಸೇವೆಯಿಂದ ಬಿಡುಗಡೆಯಾದ ಮೇಲೆ ಮದುವೆಯಿಂದಲೋ ನ್ಯಾಯಾಲಯದ ಆದೇಶದಿಂದಲೋ ಬದಲಾದ ಹೆಸರನ್ನು ಸೇರಿಸುವುದು ಇನ್ನೊಂದು. ಈ ಎರಡನೆಯದಕ್ಕೆ ಮಂಡಳಿಗಳು ಬಹುಕಾಲ ಒಪ್ಪುತ್ತಿರಲಿಲ್ಲ. ಪತ್ರ ಆ ದಿನದ ಸತ್ಯವನ್ನು ಹೇಳುತ್ತದೆ, ಆ ದಿನ ನಿಮ್ಮ ಹೆಸರು ಅದೇ ಆಗಿತ್ತು, ಬೇಕಾದರೆ ಮದುವೆಯ ಪ್ರಮಾಣಪತ್ರವನ್ನು ಜೊತೆಯಲ್ಲಿಟ್ಟುಕೊಳ್ಳಿ ಎಂಬುದು ಅವರ ವಾದ.

ಚರಿತ್ರೆ ಓದಿದ ನನಗೆ ಈ ವಾದದಲ್ಲಿ ಸ್ವಲ್ಪ ಸತ್ಯ ಕಾಣುತ್ತದೆ. ಹಳೆಯ ದಾಖಲೆಯನ್ನು ಮನಬಂದಂತೆ ತಿದ್ದುತ್ತ ಹೋದರೆ ಚರಿತ್ರೆ ಎಲ್ಲಿ ಉಳಿದೀತು? ಆದರೆ ಕಾಗದ ಹಿಡಿದು ಅಲೆಯುವವರ ಕಷ್ಟವೂ ಕಣ್ಣಿಗೆ ಕಾಣುತ್ತದೆ. ಗಂಡಾಗಿ ಸೈನ್ಯ ಸೇರಿ, ಆಮೇಲೆ ಕಾನೂನಿನ ಪ್ರಕಾರವೇ ಹೆಣ್ಣಾಗಿ ಹೆಸರು ಬದಲಾಯಿಸಿಕೊಂಡವರು ಅಮೆರಿಕದಲ್ಲಿ ಇದ್ದಾರೆ. ಅವರು ನೌಕರಿಗೋ ಬ್ಯಾಂಕಿಗೋ ಆ ಪತ್ರ ತೋರಿಸಿದಾಗಲೆಲ್ಲ ಅಪರಿಚಿತರ ಮುಂದೆ ತಮ್ಮ ಇಡೀ ಬದುಕನ್ನು ಬಿಚ್ಚಿ ಹೇಳಬೇಕಾಗುತ್ತಿತ್ತು. 2014ರಲ್ಲಿ ಭೂಸೇನೆಯ ಮಂಡಳಿ ಮೊದಲ ಬಾರಿಗೆ ಅಂಥ ಇಬ್ಬರ ಕೋರಿಕೆಯನ್ನು ಒಪ್ಪಿ ಹೊಸ ಹೆಸರಿನ ಪತ್ರ ಕೊಟ್ಟಿತು. ಎಡ್ಮಂಡ್ಸ್ ಅರ್ಜಿ ಗೆದ್ದು ಆಗ 130 ವರ್ಷ ಆಗಿತ್ತು.

ಹಳೆಯ ಕಾಗದ ಹಾಗೆಯೇ ಇರುತ್ತದೆಂಬ ಧೈರ್ಯವೂ ಪೂರ್ತಿ ನಿಜವಲ್ಲ. 1973ರ ಜುಲೈ 12ರಂದು ಸೇಂಟ್ ಲೂಯಿಸ್ ಬಳಿಯ ಸೈನಿಕ ದಾಖಲೆಗಳ ಭಂಡಾರಕ್ಕೆ ಬೆಂಕಿ ಬಿತ್ತು. ಒಂದು ಕೋಟಿ ಅರವತ್ತು ಲಕ್ಷದಿಂದ ಒಂದು ಕೋಟಿ ಎಂಬತ್ತು ಲಕ್ಷ ಕಡತಗಳು ಬೂದಿಯಾದವು. 1912ರ ಕೊನೆಯಿಂದ 1960ರ ಮೊದಲ ದಿನದವರೆಗೆ ಬಿಡುಗಡೆಯಾದ ಭೂಸೇನೆಯವರ ಕಡತಗಳಲ್ಲಿ ನೂರಕ್ಕೆ 80 ಪಾಲು ಹೋಯಿತು. ವಾಯುಸೇನೆಯ ಕಡತಗಳನ್ನು ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿದ್ದರು. 1947ರಿಂದ 1964ರವರೆಗಿನವುಗಳಲ್ಲಿ ಹಬರ್ಡ್ ಎಂಬ ಹೆಸರಿನಿಂದಾಚೆಗಿನವು ಬಹುಪಾಲು ಸುಟ್ಟವು, ಹಿಂದಿನವು ಉಳಿದವು. ಪ್ರತಿಗಳಿರಲಿಲ್ಲ, ಸೂಚಿಯೂ ಇರಲಿಲ್ಲ. ಹೆಸರಿನ ಮೊದಲ ಅಕ್ಷರದ ಮೇಲೆ ಒಬ್ಬರ ಸೇವೆಯ ಸಾಕ್ಷಿ ಉಳಿಯುವುದು, ಅಳಿಯುವುದು ನಿಂತಿತ್ತು! ಆಮೇಲೆ ಆ ಕಡತಗಳನ್ನು ಮತ್ತೆ ಕಟ್ಟಲು ನೆರವಾದದ್ದು ಸಂಬಳದ ಪಟ್ಟಿ, ಆಸ್ಪತ್ರೆಯ ಚೀಟಿ, ಮತ್ತು ಮನೆಗಳಲ್ಲಿ ಜತನವಾಗಿ ಇಟ್ಟಿದ್ದ ಸ್ವಂತ ಪ್ರತಿಗಳು.

ಇದೆಲ್ಲ ದೂರದ ದೇಶದ ಮಾತೆಂದು ಬದಿಗಿಡುವಂತಿಲ್ಲ. ಕೊಡಗಿನಿಂದ ಹಿಡಿದು ಬೆಳಗಾವಿಯವರೆಗೆ ನಮ್ಮಲ್ಲಿ ದಂಡಿಗೆ ಮಕ್ಕಳನ್ನು ಕಳಿಸಿದ ಮನೆಗಳು ಎಷ್ಟಿಲ್ಲ? ಜವಾನನ ಸೇವಾ ದಾಖಲೆಯಲ್ಲಿ ಹೆಂಡತಿಯ ಹೆಸರು ಬರೆದಿರಬೇಕು. ಅವನು ತೀರಿಕೊಂಡರೆ ಕುಟುಂಬ ಪಿಂಚಣಿ ಬರುವುದು ಆ ಹೆಸರಿಗೆ. ನಮ್ಮ ಬೀದಿಯಲ್ಲಿ ಒಬ್ಬ ಅಜ್ಜಿಯಿದ್ದರು. ಗಂಡ ದಂಡಿನಲ್ಲಿ ಬರೆಸಿದ್ದು ಮನೆಯಲ್ಲಿ ಕರೆಯುವ ಮುದ್ದಿನ ಹೆಸರು. ರೇಷನ್ ಕಾರ್ಡಿನಲ್ಲಿದ್ದುದು ಅತ್ತೆ ಇಟ್ಟ ಹೆಸರು. ಬ್ಯಾಂಕಿನ ಪುಸ್ತಕದಲ್ಲಿ ಆ ಎರಡರ ನಡುವಿನ ಇನ್ನೇನೋ. ಗಂಡ ಹೋದ ಮೇಲೆ ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಒಂದು ವರ್ಷಕ್ಕೂ ಮಿಗಿಲು ಓಡಾಡಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಹಾಗೆ, ದಿಲ್ಲಿ ಕೊಟ್ಟ ಪಿಂಚಣಿ ಒಂದು ಮೇಜಿನ ಮೇಲೆ ನಿಂತಿತ್ತು. ಅವರ ಅರ್ಜಿ, ಅಫಿಡವಿಟ್ ಬರೆದುಕೊಟ್ಟವಳು ನಾನೇ. "ನಾನೇ ಮುಂದೆ ನಿಂತಿದ್ದೀನಲ್ಲ ತಾಯಿ, ಆ ಕಾಗದ ಏನು ಹೇಳುತ್ತೆ ನನ್ನ ಬಗ್ಗೆ?" ಎಂದು ಕೇಳಿದ್ದರು. ಹೆಬ್ಬೆಟ್ಟು ಒತ್ತುವ ಆ ಮುದುಕಿ ಕೇಳಿದ ಪ್ರಶ್ನೆಯನ್ನೇ ಪಿಂಚಣಿ ಕಚೇರಿಯ ಮುಂದೆ ಕ್ಯಾಷಿಯರರ ಸಂಗಾತಿಗಳು ಬೇರೆ ಮಾತಿನಲ್ಲಿ ಕೇಳಿದ್ದರು. ಕೊನೆಗೆ ಪತ್ರಿಕೆಯಲ್ಲಿ ಪ್ರಕಟಣೆ, ನೆರೆಹೊರೆಯವರ ಸಾಕ್ಷಿ ಎಲ್ಲ ಆಗಿ ಅಜ್ಜಿಗೆ ಹಣ ಬಂತು.

ಈಗ ನಮ್ಮ ಹೆಣ್ಣುಮಕ್ಕಳೇ ಸೈನ್ಯದ ಅಧಿಕಾರಿಗಳಾಗಿದ್ದಾರೆ. ದಾದಿಯರ, ವೈದ್ಯರ ಆಚೆಗೂ ಭೂಸೇನೆ ಅವರಿಗೆ ಬಾಗಿಲು ತೆರೆದದ್ದು 1992ರಲ್ಲಿ. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅವರಿಗೂ ಕಾಯಂ ಹುದ್ದೆ ಕೊಡಬೇಕೆಂದು ತೀರ್ಪಿತ್ತಿತು. ಅವರ ಬಿಡುಗಡೆ ಪತ್ರಗಳಲ್ಲಿ ಯಾವ ಹೆಸರಿರಬೇಕೆಂಬುದನ್ನು ಮೊದಲೇ ಯೋಚಿಸುವ ಅನುಕೂಲ ಇವರಿಗಿದೆ, ಡೆಬೊರಾಗೆ ಇರಲಿಲ್ಲ.

ನನಗೆ ಈ ಕಥೆಗಳಿಂದ ತಿಳಿದದ್ದು ಇಷ್ಟು. ಎಡ್ಮಂಡ್ಸಳಿಗೆ ಕಾಂಗ್ರೆಸ್ ಮಾಡಿದ ಹಾಗೆ ಹಳೆಯ ಹೆಸರನ್ನು ಅಳಿಸದೆ ಹೊಸದನ್ನು ಪಕ್ಕದಲ್ಲಿ ಬರೆದರೆ ಚರಿತ್ರೆಯೂ ಉಳಿಯುತ್ತದೆ, ಬದುಕಿರುವವರ ಮರ್ಯಾದೆಯೂ ಉಳಿಯುತ್ತದೆ. ಆದರೆ ಹಾಗೆ ಬರೆಯಬೇಕೇ ಬೇಡವೇ ಎಂಬುದನ್ನು ಹೇಳಬೇಕಾದವರು ಆ ಹೆಸರಿನವರು. ಕ್ಯಾಷಿಯರರಿಗೆ ಬೇಡವಾಗಿದ್ದುದನ್ನು ಅವರು ಸತ್ತ ಮೇಲೆ ಹೇರುವುದೂ, ಎಡ್ಮಂಡ್ಸಳಿಗೆ ಬೇಕಾಗಿದ್ದುದನ್ನು ಇಪ್ಪತ್ತು ವರ್ಷ ತಡೆಯುವುದೂ ಒಂದೇ ಬಗೆಯ ತಪ್ಪು. ಇನ್ನೊಂದು, ಇವರೆಲ್ಲರ ಗೆಲುವಿನ ಹಿಂದೆ ಸಾಕ್ಷಿ ಹೇಳಿದವರಿದ್ದರು. ಇಂದು ನಿಮ್ಮನ್ನು ಬಲ್ಲವರು ನಾಳೆ ಇರಲಿಕ್ಕಿಲ್ಲ.

ಆದ್ದರಿಂದ ಓದುವ ತಂಗಿಯರಿಗೆ, ಅಕ್ಕಂದಿರಿಗೆ ಒಂದು ಮಾತು. ಬಿಡುವಾದ ಒಂದು ಮಧ್ಯಾಹ್ನ ನಿಮ್ಮ ಟ್ರಂಕು ತೆಗೆದು ಕಾಗದಗಳನ್ನು ಒಂದೆಡೆ ಹರವಿಕೊಳ್ಳಿ. ಶಾಲೆಯ ಪತ್ರ, ಮದುವೆಯ ನೋಂದಣಿ, ಆಧಾರ್, ಬ್ಯಾಂಕಿನ ಪುಸ್ತಕ, ಗಂಡನ ಸೇವಾ ದಾಖಲೆ. ಹೆಸರುಗಳನ್ನು ಒಂದೊಂದಾಗಿ ಓದಿ ನೋಡಿ. ಬೇರೆಬೇರೆಯಿದ್ದರೆ ನಾಚಿಕೆ ಪಡುವ ಕಾರಣವಿಲ್ಲ. ತಿಳಿದವರು, ಸಾಕ್ಷಿ ಹೇಳುವವರು ಪಕ್ಕದಲ್ಲಿರುವಾಗಲೇ ಅವುಗಳನ್ನು ಸರಿಪಡಿಸಿಕೊಳ್ಳಿ. ಪ್ರತಿಯೊಂದರ ನಕಲನ್ನೂ ಮಾಡಿಸಿ ಬೇರೆ ಮನೆಯಲ್ಲಿ ಇಡಿ.